ಪಾಡ್ ಅಳಿಸುವ ಮೊದಲು ಲಾಗ್ ಓದಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ. ಕುಬರ್ನೆಟಿಸ್ ಕ್ಲಸ್ಟರ್‌ನಲ್ಲಿ ಓಡುವ ಕಂಟೇನರ್‌ನ ಲಾಗ್ ಹೇಗೆ ನೋಡೋದು, ಕಾಣದೇ ಹೋದರೆ ಎಲ್ಲಿ ಹುಡುಕೋದು. ಹೊಸಬರಿಗೆ ಚುಟುಕಾಗಿ: ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿಸಿ ಕಟ್ಟಿದ ಡಬ್ಬಿ ಕಂಟೇನರ್, ಒಂದೋ ಹೆಚ್ಚೋ ಕಂಟೇನರ್ ಸೇರಿದ ಘಟಕ ಪಾಡ್, ಪಾಡ್ ಓಡುವ ಯಂತ್ರ ನೋಡ್, ನೋಡ್‌ಗಳ ಗುಂಪು ಕ್ಲಸ್ಟರ್, ಇವನ್ನೆಲ್ಲ ನಡೆಸುವ ಸಾಫ್ಟ್‌ವೇರ್ ಕುಬರ್ನೆಟಿಸ್. ಪ್ರೋಗ್ರಾಂ ತಾನು ಮಾಡಿದ್ದನ್ನು ಸಾಲು ಸಾಲಾಗಿ ಬರೆಯುವುದೇ ಲಾಗ್. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಬರೆದಿದ್ದೀರಿ. ಇದೆಲ್ಲ ಬೆಂಗಳೂರು, ಪುಣೆಯವರ ಕೆಲಸ ಅನ್ನುವ ಕಾಲ ಹೋಯಿತು. ಕಬ್ಬಿನ ತೂಕದ ಲೆಕ್ಕ, ಒಣದ್ರಾಕ್ಷಿ ವ್ಯಾಪಾರದ ಆ್ಯಪ್, ಫೌಂಡ್ರಿ ಮಷಿನ್‌ಗಳ ಮಾಹಿತಿ, ಎಲ್ಲವೂ ಈಗ ಕಂಟೇನರ್‌ನಲ್ಲೇ ಓಡುತ್ತಿವೆ. ಅದನ್ನು ರಾತ್ರಿ ಎದ್ದು ನೋಡಿಕೊಳ್ಳುವವರು ನಮ್ಮ ಊರುಗಳಲ್ಲೇ ಇದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನೂ ತೆರೆಯ ಮೇಲೆ ಬರುವ ಸಾಲುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಅಚ್ಚು ಮಾಡಿದ್ದೇವೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಎರಡು ಗೆರೆ ಇದ್ದಲ್ಲಿ ಎರಡೇ ಗೆರೆ ಹಾಕಿ, ಒಂದಿದ್ದಲ್ಲಿ ಒಂದೇ.

ಪ್ರಶ್ನೆ: ಸರ್, ನಾನು ಜಮಖಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ತೂಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಸೀಸನ್ ಶುರುವಾದ ಮೇಲೆ ರಾತ್ರಿ ಹೊತ್ತು ಪಾಡ್ ತಾನಾಗೇ ರೀಸ್ಟಾರ್ಟ್ ಆಗುತ್ತಿದೆ. ಬೆಳಿಗ್ಗೆ ಬಂದು ಲಾಗ್ ನೋಡಿದರೆ 'ಸರ್ವರ್ ಶುರುವಾಯಿತು' ಅನ್ನುವ ನಾಲ್ಕು ಸಾಲು ಬಿಟ್ಟರೆ ಏನೂ ಇಲ್ಲ. ರಾತ್ರಿ ಪಾಳಿಯವರು ಪಾಡ್ ಡಿಲೀಟ್ ಮಾಡಿಬಿಡುತ್ತಾರೆ, ಹೊಸದು ಬಂದು ಸರಿಹೋಗುತ್ತದೆ. ಆದರೆ ಕಾರಣ ಮಾತ್ರ ಸಿಗುತ್ತಿಲ್ಲ. ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುತ್ತದೆ, ರೈತರು ಬಾಯಿಗೆ ಬಂದಂತೆ ಬೈಯುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಡಿಲೀಟ್ ನಿಲ್ಲಿಸಿ. ನಿಮಗೆ ಬೇಕಾದ ಕಾರಣ ಇದ್ದದ್ದು ಆ ಪಾಡ್‌ನಲ್ಲೇ. ಅದನ್ನು ಅಳಿಸಿದ ಕ್ಷಣಕ್ಕೆ ಕಾರಣವೂ ಹೋಯಿತು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಲಾಗ್ ಬಗ್ಗೆ ಮುಕ್ಕಾಲು ಗೊಂದಲ ಹೋಗುತ್ತದೆ. ನಿಮ್ಮ ಪ್ರೋಗ್ರಾಂ ತೆರೆಗೆ ಅಂತ ಬರೆಯುವ ಪ್ರತಿ ಸಾಲನ್ನೂ ಕಂಟೇನರ್ ಓಡಿಸುವ ಸಾಫ್ಟ್‌ವೇರ್, ಅಂದರೆ ಕಂಟೇನರ್ ರನ್‌ಟೈಮ್, ಹಿಡಿದು ಆ ಪಾಡ್ ಓಡುತ್ತಿರುವ ನೋಡ್‌ನ ಡಿಸ್ಕ್ ಮೇಲೆ ಒಂದು ಫೈಲಿಗೆ ಹಾಕುತ್ತದೆ. ಕ್ಯೂಬ್‌ಸಿಟಿಎಲ್ ಅನ್ನೋದು ಕ್ಲಸ್ಟರ್ ಜೊತೆ ಮಾತಾಡುವ ಕಮಾಂಡ್. ನೀವು 'ಕ್ಯೂಬ್‌ಸಿಟಿಎಲ್ ಲಾಗ್ಸ್' ಅಂದಾಗ ಆ ಮಾತು ಕ್ಲಸ್ಟರ್‌ನ ಮುಂಬಾಗಿಲಾದ ಎಪಿಐ ಸರ್ವರ್‌ಗೆ ಹೋಗುತ್ತದೆ, ಅಲ್ಲಿಂದ ಆ ನೋಡ್‌ನಲ್ಲಿ ಪಾಡ್‌ಗಳನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್‌ಗೆ ಹೋಗುತ್ತದೆ, ಕ್ಯೂಬ್‌ಲೆಟ್ ಆ ಫೈಲ್ ತೆಗೆದು ಓದಿ ನಿಮಗೆ ಕಳಿಸುತ್ತದೆ. ಅಷ್ಟೇ. ನಡುವೆ ಯಾವ ಡೇಟಾಬೇಸೂ ಇಲ್ಲ, ಯಾವ ಖಜಾನೆಯೂ ಇಲ್ಲ. ಪಾಡ್ ಅಳಿಸಿದರೆ ಕ್ಯೂಬ್‌ಲೆಟ್ ಆ ಫೈಲನ್ನೂ ಗುಡಿಸಿ ಹಾಕುತ್ತದೆ.

ಇನ್ನು ರೀಸ್ಟಾರ್ಟ್ ವಿಷಯ. ಕಂಟೇನರ್ ಸತ್ತು ಮತ್ತೆ ಎದ್ದಾಗ ಪಾಡ್ ಹಳೆಯದೇ, ಕಂಟೇನರ್ ಮಾತ್ರ ಹೊಸದು. ಸುಮ್ನೆ ಲಾಗ್ಸ್ ಅಂತ ಕೇಳಿದರೆ ಈ ಹೊಸ ಕಂಟೇನರ್‌ನದ್ದು ಬರುತ್ತದೆ, ಅದಕ್ಕೇ ನಿಮಗೆ ನಾಲ್ಕು ಸಾಲು ಕಂಡದ್ದು. ಸತ್ತದ್ದರ ಲಾಗ್ ಬೇಕು ಅಂದರೆ ಹೀಗೆ ಕೇಳಬೇಕು:

ಕ್ಯೂಬ್‌ಸಿಟಿಎಲ್ ಲಾಗ್ಸ್ ಪಾಡ್‌ಹೆಸರು --ಪ್ರೀವಿಯಸ್

ನೆನಪಿಡಿ, ಹಿಂದಿನದು ಒಂದೇ ಉಳಿಯುತ್ತದೆ. ರಾತ್ರಿ ಐದು ಸಲ ಬಿದ್ದಿದ್ದರೆ ಐದನೆಯದರ ಲಾಗ್ ಸಿಗುತ್ತದೆ, ಮೊದಲ ನಾಲ್ಕರದ್ದು ಇಲ್ಲ. ಹಾಗಾಗಿ ರಾತ್ರಿ ಪಾಳಿಯವರಿಗೆ ಒಂದು ಚೀಟಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿ. ಏನೇ ಮಾಡುವ ಮೊದಲು ಈ ಎರಡು ಕಮಾಂಡ್ ಕೊಟ್ಟು, ಬಂದದ್ದನ್ನು ಫೈಲಿಗೆ ಇಳಿಸಿಕೊಳ್ಳಬೇಕು:

ಕ್ಯೂಬ್‌ಸಿಟಿಎಲ್ ಲಾಗ್ಸ್ ಪಾಡ್‌ಹೆಸರು --ಪ್ರೀವಿಯಸ್ > ರಾತ್ರಿ.ಲಾಗ್

ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಪಾಡ್ ಪಾಡ್‌ಹೆಸರು > ರಾತ್ರಿ.ವಿವರ

ಎರಡನೆಯದು ಯಾಕೆ ಬೇಕು ಅಂದರೆ, ಎಷ್ಟೋ ಸಲ ಸಾವಿನ ಕಾರಣ ಲಾಗ್‌ನಲ್ಲಿ ಇರುವುದೇ ಇಲ್ಲ. ಡಿಸ್ಕ್ರೈಬ್ ಕೊಟ್ಟಾಗ ಬರುವ ಉದ್ದದ ಪಟ್ಟಿಯಲ್ಲಿ 'ಲಾಸ್ಟ್ ಸ್ಟೇಟ್' ಅಂತ ಒಂದು ಜಾಗ ಇದೆ. ಅದರ ಕೆಳಗೆ 'ಟರ್ಮಿನೇಟೆಡ್', ಅದರ ಕೆಳಗೆ 'ರೀಸನ್', ಆಮೇಲೆ 'ಎಕ್ಸಿಟ್ ಕೋಡ್', ಕೊನೆಗೆ ಶುರುವಾದ ಮತ್ತು ಮುಗಿದ ಹೊತ್ತು. ರೀಸನ್ ಮುಂದೆ 'ಓಓಎಂಕಿಲ್ಡ್' ಅಂತಲೂ ಎಕ್ಸಿಟ್ ಕೋಡ್ 137 ಅಂತಲೂ ಇದ್ದರೆ ಮೆಮೊರಿ ಮಿತಿ ಮೀರಿತು, ಲಿನಕ್ಸ್ ಕರ್ನಲ್ ಅದನ್ನು ಕೊಂದಿತು ಅಂತ ಅರ್ಥ. 137 ಅಂದರೆ 128ಕ್ಕೆ 9 ಕೂಡಿಸಿದ್ದು, 9 ಅನ್ನೋದು ಕಿಲ್ ಸಿಗ್ನಲ್‌ನ ನಂಬರ್. ಈ ಸಿಗ್ನಲ್ ಬಂದರೆ ಪ್ರೋಗ್ರಾಂಗೆ ಒಂದು ಸಾಲು ಬರೆಯಲೂ ಹೊತ್ತು ಸಿಗುವುದಿಲ್ಲ. ಲಾಗ್ ನೋಡಿದರೆ ಎಲ್ಲ ನೆಟ್ಟಗೆ ನಡೆಯುತ್ತಿತ್ತು, ಹಠಾತ್ತನೆ ನಿಂತಿತು ಅನ್ನುವ ಹಾಗೆ ಇರುತ್ತದೆ. ಅದನ್ನು ನೋಡಿ ಲಾಗ್ ಹಾಳಾಗಿದೆ ಅಂದುಕೊಳ್ಳಬೇಡಿ. ಹಾಗೆ ಎರರ್ ಇಲ್ಲದೇ ಕಡಿದುಹೋದ ಲಾಗೇ ಒಂದು ಸುಳಿವು.

ರೀಸನ್ ಮುಂದೆ ಬರೀ 'ಎರರ್' ಅಂತಿದ್ದು ಕೋಡ್ 1 ಇದ್ದರೆ ಪ್ರೋಗ್ರಾಂ ತಾನೇ ಬಿದ್ದಿದೆ, ಆಗ ಪ್ರೀವಿಯಸ್ ಲಾಗ್‌ನ ಕೊನೆಯ ಸಾಲುಗಳಲ್ಲಿ ಕಾರಣ ಸಾಮಾನ್ಯವಾಗಿ ಇದ್ದೇ ಇರುತ್ತದೆ. 143 ಇದ್ದರೆ ಯಾರೋ ನಿಲ್ಲು ಅಂದಿದ್ದಾರೆ. ಆ ಯಾರೋ ಬಹಳ ಸಲ ಕ್ಯೂಬ್‌ಲೆಟ್ಟೇ. ಬದುಕಿದ್ದೀಯಾ ಅಂತ ಕ್ಯೂಬ್‌ಲೆಟ್ ಆಗಾಗ ಕೇಳುವ ಲೈವ್‌ನೆಸ್ ಪ್ರೋಬ್‌ಗೆ ನಿಮ್ಮ ಪ್ರೋಗ್ರಾಂ ಸರಿಯಾದ ಹೊತ್ತಿಗೆ ಉತ್ತರ ಕೊಡದಿದ್ದರೆ ಅದು ಮೊದಲು ನಿಲ್ಲು ಅನ್ನುತ್ತದೆ, ಮಾಮೂಲಿ 30 ಸೆಕೆಂಡ್ ಕಾಯುತ್ತದೆ, ಆಮೇಲೂ ನಿಲ್ಲದಿದ್ದರೆ ಕೊಲ್ಲುತ್ತದೆ. ಆಗಲೂ ಕೋಡ್ 137 ಬರಬಹುದು, ಆದರೆ ಓಓಎಂಕಿಲ್ಡ್ ಅಂತ ಇರುವುದಿಲ್ಲ. ಈ ಪ್ರೋಬ್ ಸುದ್ದಿ ಇರುವುದು ಡಿಸ್ಕ್ರೈಬ್‌ನ ಕೊನೆಯ 'ಈವೆಂಟ್ಸ್' ಭಾಗದಲ್ಲಿ. ಈವೆಂಟ್‌ಗಳನ್ನು ಕ್ಲಸ್ಟರ್ ಬೇರೆ ಹೇಳದಿದ್ದರೆ ಒಂದು ಗಂಟೆ ಮಾತ್ರ ಇಟ್ಟುಕೊಳ್ಳುತ್ತದೆ. ರಾತ್ರಿ ಎರಡಕ್ಕೆ ಆದದ್ದನ್ನು ಬೆಳಿಗ್ಗೆ ಒಂಬತ್ತಕ್ಕೆ ಹುಡುಕಿದರೆ ಸಿಗದು. ನಿಮ್ಮ ರಾತ್ರಿ ಪಾಳಿಯವರೇ ಇಳಿಸಿಕೊಳ್ಳಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ತೂಕ ನಿಲ್ಲಬಾರದು, ಟ್ರ್ಯಾಕ್ಟರ್ ಹೋಗಬೇಕು, ಪರೀಕ್ಷೆಗೆ ಹೊತ್ತಿಲ್ಲ ಅನ್ನುವ ಸಂದರ್ಭಕ್ಕೆ ಇನ್ನೊಂದು ದಾರಿ ಇದೆ, ನನಗೆ ಇದು ತುಂಬಾ ಇಷ್ಟ. ಡಿಲೀಟ್ ಬದಲು ಪಾಡ್‌ನ ಲೇಬಲ್, ಅಂದರೆ ಅದಕ್ಕೆ ಅಂಟಿಸಿದ ಗುರುತಿನ ಚೀಟಿ, ಕಿತ್ತುಬಿಡಿ:

ಕ್ಯೂಬ್‌ಸಿಟಿಎಲ್ ಲೇಬಲ್ ಪಾಡ್ ಪಾಡ್‌ಹೆಸರು ಆ್ಯಪ್-

ಕೊನೆಯ ಗೆರೆ ಮುಖ್ಯ, ಅದೇ ಲೇಬಲ್ ತೆಗೆಯುವ ಗುರುತು. ನಿಮ್ಮಲ್ಲಿ ಲೇಬಲ್ ಹೆಸರು ಬೇರೆ ಇದ್ದರೆ ಅದನ್ನು ಹಾಕಿ. ಲೇಬಲ್ ಹೋದ ಕೂಡಲೇ ಇಷ್ಟು ಪಾಡ್ ಯಾವಾಗಲೂ ಓಡುತ್ತಿರಲಿ ಅಂತ ನೋಡಿಕೊಳ್ಳುವ ಡಿಪ್ಲಾಯ್‌ಮೆಂಟ್‌ಗೆ ಒಂದು ಪಾಡ್ ಕಮ್ಮಿಯಾಯಿತು ಅಂತ ಕಾಣುತ್ತದೆ, ಹೊಸದನ್ನು ಎಬ್ಬಿಸುತ್ತದೆ. ಬಂದ ಕೆಲಸವನ್ನು ಪಾಡ್‌ಗಳಿಗೆ ಹಂಚುವ ಸರ್ವೀಸ್ ಕೂಡ ಹಳೆಯದಕ್ಕೆ ಕೆಲಸ ಕಳಿಸುವುದನ್ನು ಬಿಡುತ್ತದೆ. ಹಳೆಯ ಪಾಡ್ ಲಾಗ್ ಸಮೇತ ಹಾಗೇ ಕೂತಿರುತ್ತದೆ, ಬೆಳಿಗ್ಗೆ ಬಂದು ನಿಧಾನವಾಗಿ ನೋಡಿ, ಆಮೇಲೆ ಕೈಯಾರೆ ಅಳಿಸಿ. ಎರಡು ಎಚ್ಚರಿಕೆ ಇವೆ. ಇದು ಡಿಪ್ಲಾಯ್‌ಮೆಂಟ್‌ಗೆ ಸರಿ, ಪಾಡ್‌ಗಳಿಗೆ ಕಾಯಂ ಹೆಸರು ಕೊಡುವ ಸ್ಟೇಟ್‌ಫುಲ್‌ಸೆಟ್‌ಗೆ ಬೇಡ, ಅಲ್ಲಿ ಅದೇ ಹೆಸರಿನ ಪಾಡ್ ಬೇಕಾಗಿರುವುದರಿಂದ ಹೊಸದು ಏಳುವುದಿಲ್ಲ. ಮತ್ತೆ, ನಿಮ್ಮ ಪ್ರೋಗ್ರಾಂ ತಾನಾಗೇ ಡೇಟಾಬೇಸ್‌ಗೆ ಏನಾದರೂ ಬರೆಯುತ್ತಾ ಇರುವಂಥದ್ದಾದರೆ ಹಳೆಯದೂ ಬರೆಯುತ್ತದೆ, ಹೊಸದೂ ಬರೆಯುತ್ತದೆ. ಕಬ್ಬಿನ ತೂಕ ಎರಡು ಸಲ ದಾಖಲಾದರೆ ಇನ್ನೊಂದು ರಗಳೆ. ಅದನ್ನು ಮೊದಲೇ ಖಾತ್ರಿ ಮಾಡಿಕೊಳ್ಳಿ.

'ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್' ಅಂತ ಕಂಡರೆ ಗಾಬರಿ ಬೇಡ. ಬಿದ್ದ ಕಂಟೇನರನ್ನು ಎಬ್ಬಿಸುವ ಮುಂಚೆ ಕ್ಯೂಬ್‌ಲೆಟ್ 10 ಸೆಕೆಂಡ್, ಆಮೇಲೆ 20, ಆಮೇಲೆ 40, ಹೀಗೆ ದುಪ್ಪಟ್ಟು ಮಾಡುತ್ತಾ 5 ನಿಮಿಷದವರೆಗೆ ಕಾಯುತ್ತದೆ. ಆ ಕಾಯುವ ಹೊತ್ತೇ ನಿಮಗೆ ಲಾಗ್ ಓದಲು ಸಿಗುವ ಬಿಡುವು.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಒಂದು ಡಿಪ್ಲಾಯ್‌ಮೆಂಟ್ ಮಾಡಿ ಮೂರು ರೆಪ್ಲಿಕಾ (ಒಂದೇ ಪಾಡ್‌ನ ಪ್ರತಿಗಳು) ಇಟ್ಟಿದ್ದೇವೆ. 'ಕ್ಯೂಬ್‌ಸಿಟಿಎಲ್ ಲಾಗ್ಸ್ ಡಿಪ್ಲಾಯ್‌ಮೆಂಟ್/ವೆಬ್' ಕೊಟ್ಟರೆ ಒಮ್ಮೊಮ್ಮೆ ನಾವು ಕಳಿಸಿದ ರಿಕ್ವೆಸ್ಟ್ ಕಾಣುತ್ತದೆ, ಒಮ್ಮೊಮ್ಮೆ ಕಾಣುವುದೇ ಇಲ್ಲ. ಗೈಡ್ ಮೇಡಂ ಕೇಳಿದರೆ ಏನು ಹೇಳೋದು?

ಉತ್ತರ: ಮೇಡಂಗೆ ಇದನ್ನೇ ಹೇಳಿ, ಖುಷಿಪಡುತ್ತಾರೆ. ಡಿಪ್ಲಾಯ್‌ಮೆಂಟ್ ಹೆಸರು ಕೊಟ್ಟರೆ ಕಮಾಂಡ್ ಮೂರು ಪಾಡ್‌ಗಳಲ್ಲಿ ಒಂದನ್ನು ಆರಿಸಿಕೊಂಡು ಅದರದ್ದು ಮಾತ್ರ ತೋರಿಸುತ್ತದೆ. ಮೇಲೆ ಒಂದು ಸಾಲಿನಲ್ಲಿ 'ಮೂರು ಪಾಡ್ ಸಿಕ್ಕವು, ಇದನ್ನು ಬಳಸುತ್ತಿದ್ದೇನೆ' ಅಂತ ಹೇಳಿಯೂ ಇರುತ್ತದೆ, ನಾವು ಓದುವುದಿಲ್ಲ ಅಷ್ಟೇ. ನಿಮ್ಮ ರಿಕ್ವೆಸ್ಟ್ ಬೇರೆ ಪಾಡ್‌ಗೆ ಹೋಗಿದ್ದರೆ ಅಲ್ಲಿ ಕಾಣುವ ಮಾತೇ ಇಲ್ಲ.

ಮೂರರದ್ದೂ ಬೇಕಾದರೆ ಲೇಬಲ್ ಹಿಡಿದು ಕೇಳಿ:

ಕ್ಯೂಬ್‌ಸಿಟಿಎಲ್ ಲಾಗ್ಸ್ -ಎಲ್ ಆ್ಯಪ್=ವೆಬ್ --ಪ್ರಿಫಿಕ್ಸ್ --ಟೇಲ್=200

'--ಪ್ರಿಫಿಕ್ಸ್' ಹಾಕಿದರೆ ಪ್ರತಿ ಸಾಲಿನ ಮುಂದೆ ಅದು ಯಾವ ಪಾಡ್, ಯಾವ ಕಂಟೇನರ್‌ನದ್ದು ಅಂತ ಬರುತ್ತದೆ. ಅದಿಲ್ಲದಿದ್ದರೆ ಮೂರೂ ಕಲಸಿಹೋಗುತ್ತವೆ. '--ಟೇಲ್' ಯಾಕೆ ಅಂದರೆ, ಒಂದೇ ಪಾಡ್ ಹೆಸರು ಕೊಟ್ಟಾಗ ಪೂರ್ತಿ ಲಾಗ್ ಬರುತ್ತದೆ, ಆದರೆ ಲೇಬಲ್ ಕೊಟ್ಟಾಗ ಪ್ರತಿಯೊಂದರಿಂದ ಕೊನೆಯ 10 ಸಾಲು ಮಾತ್ರ. ಇದು ಗೊತ್ತಿಲ್ಲದೇ 'ನಮ್ಮ ಲಾಗ್ ಹತ್ತೇ ಸಾಲು' ಅಂದುಕೊಂಡು ಕೂತವರು ಭಾಳ ಜನ. ಎಲ್ಲ ಬೇಕು ಅಂದರೆ '--ಟೇಲ್=-1' ಕೊಡಿ.

ಬರುತ್ತಾ ಇರುವ ಹಾಗೇ ನೋಡಬೇಕಾದರೆ '-ಎಫ್' ಸೇರಿಸಿ. ಲೇಬಲ್ ಜೊತೆ '-ಎಫ್' ಹಾಕಿದಾಗ ಒಟ್ಟಿಗೆ 5 ಲಾಗ್ ಮಾತ್ರ ಹಿಡಿಯುತ್ತದೆ, ಆರನೆಯದು ಬಂದರೆ ಎರರ್ ಕೊಟ್ಟು ನಿಲ್ಲುತ್ತದೆ. ಆಗ '--ಮ್ಯಾಕ್ಸ್-ಲಾಗ್-ರಿಕ್ವೆಸ್ಟ್ಸ್=10' ಅಂತ ಹೆಚ್ಚಿಸಿಕೊಳ್ಳಬೇಕು. ನೀವು ನೋಡುತ್ತಾ ಕೂತಾಗ ಹೊಸ ಪಾಡ್ ಎದ್ದರೆ ಅದು ಈ ಪಟ್ಟಿಗೆ ತಾನಾಗಿ ಸೇರುವುದಿಲ್ಲ. ಡೆಮೋ ದಿನ ರೆಪ್ಲಿಕಾ ಜಾಸ್ತಿ ಮಾಡಿ ತೋರಿಸುವ ಆಲೋಚನೆ ಇದ್ದರೆ 'ಸ್ಟರ್ನ್' ಅನ್ನುವ ಉಚಿತ ಸಾಧನ ಹಾಕಿಕೊಳ್ಳಿ, ಅದು ಹೊಸ ಪಾಡ್‌ಗಳನ್ನೂ ಹಿಡಿಯುತ್ತದೆ, ಒಂದೊಂದಕ್ಕೆ ಒಂದೊಂದು ಬಣ್ಣ ಕೊಡುತ್ತದೆ.

ಪಾಡ್‌ನಲ್ಲಿ ಎರಡು ಕಂಟೇನರ್ ಇದ್ದರೆ '-ಸಿ' ಹಾಕಿ ಕಂಟೇನರ್ ಹೆಸರು ಹೇಳಿ. ಎರಡೂ ಬೇಕಾದರೆ '--ಆಲ್-ಕಂಟೇನರ್ಸ್'. ಪಾಡ್ 'ಇನಿಟ್' ಅಂತ ಸಿಕ್ಕಿಹಾಕಿಕೊಂಡಿದ್ದರೆ, ಮುಖ್ಯ ಕಂಟೇನರ್‌ಗಿಂತ ಮೊದಲು ಓಡಿ ಮುಗಿಯಬೇಕಾದ ಇನಿಟ್ ಕಂಟೇನರ್‌ನ ಹೆಸರನ್ನೇ '-ಸಿ' ಮುಂದೆ ಕೊಡಬೇಕು, ಮುಖ್ಯ ಕಂಟೇನರ್ ಇನ್ನೂ ಹುಟ್ಟಿಯೇ ಇಲ್ಲ, ಅದರ ಲಾಗ್ ಎಲ್ಲಿಂದ ಬರಬೇಕು? 'ಇಮೇಜ್‌ಪುಲ್‌ಬ್ಯಾಕ್‌ಆಫ್' ಇದ್ದಾಗಲೂ ಇದೇ ಕಥೆ. ಆಗ ಲಾಗ್ ಬಿಟ್ಟು ಡಿಸ್ಕ್ರೈಬ್ ನೋಡಿ. ಇಮೇಜ್ (ಕಂಟೇನರ್ ಎಬ್ಬಿಸಲು ಬೇಕಾದ ಮೂಲ ಪ್ಯಾಕೇಜ್) ಹೆಸರೋ ಟ್ಯಾಗೋ ತಪ್ಪಾಗಿರುತ್ತದೆ, ಇಲ್ಲವೇ ಇಮೇಜ್ ಇಟ್ಟಿರುವ ರಿಜಿಸ್ಟ್ರಿಯ ಪಾಸ್‌ವರ್ಡ್ ಕೊಟ್ಟಿರುವುದಿಲ್ಲ.

ಪ್ರಶ್ನೆ: ಬಾಗಲಕೋಟೆ ನವನಗರದಿಂದ ಬರೆಯುತ್ತಿದ್ದೇನೆ. ನಮ್ಮ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಚೆನ್ನಾಗಿ ಓಡುತ್ತಿದೆ, ಆದರೆ ಕ್ಯೂಬ್‌ಸಿಟಿಎಲ್ ಲಾಗ್ಸ್ ಕೊಟ್ಟರೆ ಖಾಲಿ. ಎರರೂ ಇಲ್ಲ, ಸಾಲೂ ಇಲ್ಲ. ಪೈಥಾನ್‌ನಲ್ಲಿ ಬರೆದದ್ದು. ಮುಂಚೆ ಸರ್ವರ್ ಮೇಲೆ ನೇರ ಓಡುತ್ತಿದ್ದಾಗ ಲಾಗ್ ಫೈಲ್ ಚೆನ್ನಾಗಿ ಬರುತ್ತಿತ್ತು ರೀ.

ಉತ್ತರ: ಕೊನೆಯ ವಾಕ್ಯದಲ್ಲೇ ಉತ್ತರ ಇದೆ ನೋಡಿ. ಕ್ಯೂಬ್‌ಲೆಟ್‌ಗೆ ಗೊತ್ತಾಗುವುದು ಪ್ರೋಗ್ರಾಂ ತೆರೆಗೆ ಹೋಗುವ ಎರಡು ದಾರಿಗಳಾದ ಸ್ಟ್ಯಾಂಡರ್ಡ್ ಔಟ್‌ಪುಟ್ ಮತ್ತು ಸ್ಟ್ಯಾಂಡರ್ಡ್ ಎರರ್‌ಗೆ ಬರೆದದ್ದು ಮಾತ್ರ. ನಿಮ್ಮದು ಈಗಲೂ ಹಳೆಯ ಅಭ್ಯಾಸದಂತೆ ಕಂಟೇನರ್ ಒಳಗಿನ ಯಾವುದೋ ಫೈಲಿಗೆ ಬರೆಯುತ್ತಿದೆ. ಖಾತ್ರಿ ಮಾಡಿಕೊಳ್ಳಲು ಒಳಗೆ ಹೋಗಿ ನೋಡಿ: 'ಕ್ಯೂಬ್‌ಸಿಟಿಎಲ್ ಎಕ್ಸೆಕ್ -ಐಟಿ ಪಾಡ್‌ಹೆಸರು -- ಎಸ್‌ಎಚ್'. ಫೈಲ್ ಅಲ್ಲಿ ಕೂತಿರುತ್ತದೆ. ಅದು ಅಲ್ಲೇ ಬೆಳೆಯುತ್ತಾ ನೋಡ್‌ನ ಡಿಸ್ಕ್ ತುಂಬುತ್ತದೆ, ಕಂಟೇನರ್ ರೀಸ್ಟಾರ್ಟ್ ಆದರೆ ಮಾಯವಾಗುತ್ತದೆ. ಎರಡು ಕಡೆಯಿಂದಲೂ ನಷ್ಟ.

ಸರಿಯಾದ ಮದ್ದು ಪ್ರೋಗ್ರಾಂ ಸೆಟ್ಟಿಂಗ್ ಬದಲಿಸಿ ತೆರೆಗೆ ಬರೆಯುವಂತೆ ಮಾಡುವುದು. ಪ್ರೋಗ್ರಾಂ ಮುಟ್ಟುವ ಹಾಗಿಲ್ಲ, ಬರೆದವರು ಬಿಟ್ಟುಹೋದರು ಅಂದರೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್‌ನವರು ತಮ್ಮ ಇಮೇಜ್‌ನಲ್ಲಿ ಮಾಡಿರುವ ಉಪಾಯ ನೋಡಿ ಕಲಿಯಬಹುದು. ಅಲ್ಲಿ ಆಕ್ಸೆಸ್ ಲಾಗ್ ಅನ್ನುವ ಫೈಲ್ ನಿಜವಾದ ಫೈಲೇ ಅಲ್ಲ, ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಕಟ್ಟಿದ ಒಂದು ಸಿಮ್‌ಲಿಂಕ್, ಅಂದರೆ ಬೇರೆ ಕಡೆಗೆ ಕೈ ತೋರಿಸುವ ಹೆಸರು. ಎರರ್ ಲಾಗ್ ಹಾಗೇ ಸ್ಟ್ಯಾಂಡರ್ಡ್ ಎರರ್‌ಗೆ. ಪ್ರೋಗ್ರಾಂ ತಾನು ಫೈಲಿಗೆ ಬರೆದೆ ಅಂದುಕೊಳ್ಳುತ್ತದೆ, ಸಾಲು ಬಂದು ನಿಮ್ಮ ಕಮಾಂಡ್‌ಗೆ ಸಿಗುತ್ತದೆ. ಇಮೇಜ್ ಕಟ್ಟುವ ನಿಮ್ಮ ಡಾಕರ್‌ಫೈಲ್‌ನಲ್ಲಿ ಒಂದು ಸಾಲಿನ ಕೆಲಸ.

ಪೈಥಾನ್ ಆದ್ದರಿಂದ ಇನ್ನೊಂದನ್ನೂ ನೋಡಿಕೊಳ್ಳಿ. 'ಪ್ರಿಂಟ್' ಮಾಡಿದ ಸಾಲುಗಳನ್ನು ಪೈಥಾನ್ ಕಂಟೇನರ್ ಒಳಗೆ ಕೂಡಲೇ ಹೊರಗೆ ಬಿಡುವುದಿಲ್ಲ, ಒಂದಷ್ಟು ಸೇರಿದ ಮೇಲೆ ಒಟ್ಟಿಗೆ ಬಿಡುತ್ತದೆ. ಕಮ್ಮಿ ಬರೆಯುವ ಪ್ರೋಗ್ರಾಂ ಆದರೆ ಗಂಟೆಗಟ್ಟಲೆ ಖಾಲಿ ಕಾಣಬಹುದು, ನಡುವೆ ಕೊಲೆಯಾದರೆ ಆ ಸಾಲುಗಳು ಹೋದವು ಅಂತಲೇ. 'ಪೈಥಾನ್‌ಅನ್‌ಬಫರ್ಡ್' ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಅಂತ ಕೊಡಿ. ಅದನ್ನು ಪೂರ್ತಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಪೈಥಾನ್‌ನ 'ಲಾಗಿಂಗ್' ಮಾಡ್ಯೂಲ್ ಬಳಸಿದರೆ ಈ ತೊಂದರೆ ಇಲ್ಲ, ಅದು ಮಾಮೂಲಾಗಿ ಸ್ಟ್ಯಾಂಡರ್ಡ್ ಎರರ್‌ಗೆ ಆಗಿಂದಾಗಲೇ ಬರೆಯುತ್ತದೆ.

ನಿಮ್ಮದು ಆಸ್ಪತ್ರೆ ಅಂದಿರಿ. ಫೈಲಿಂದ ತೆರೆಗೆ ತಿರುಗಿಸುವ ಮುಂಚೆ ಆ ಸಾಲುಗಳಲ್ಲಿ ಏನಿದೆ ಅಂತ ಒಮ್ಮೆ ಪೂರ್ತಿ ಓದಿ. ರೋಗಿಯ ಹೆಸರು, ಮೊಬೈಲ್ ನಂಬರ್, ಕಾಯಿಲೆ, ಒಟಿಪಿ ಇವೆಲ್ಲ ಲಾಗ್‌ಗೆ ಬೀಳುತ್ತಿದ್ದರೆ ಮೊದಲು ಅದನ್ನು ಕಿತ್ತುಹಾಕಿ. ಕ್ಲಸ್ಟರ್ ಲಾಗ್ ನೋಡುವ ಅನುಮತಿ ಇರುವ ಪ್ರತಿಯೊಬ್ಬರಿಗೂ ಅದು ಕಾಣುತ್ತದೆ. ಒಬ್ಬ ಹೆಣ್ಣುಮಗಳು ಯಾವ ಡಾಕ್ಟರ್ ಹತ್ತಿರ ಯಾಕೆ ಹೋದಳು ಅನ್ನೋದು ಕಂಪ್ಯೂಟರ್ ನೋಡಿಕೊಳ್ಳುವ ನಮಗೆ ಗೊತ್ತಾಗಬೇಕಾದ ವಿಷಯವೇ ಅಲ್ಲ.

ಪ್ರಶ್ನೆ: ಉದ್ಯಮಬಾಗ, ಬೆಳಗಾವಿ. ನಮ್ಮ ಫೌಂಡ್ರಿಯ ಫರ್ನೇಸ್ ತಾಪಮಾನ ಓದುವ ಪ್ರೋಗ್ರಾಂ ರಾತ್ರಿ 2 ಗಂಟೆ 10 ನಿಮಿಷಕ್ಕೆ ಕೈಕೊಟ್ಟಿತು ಅಂತ ಆಪರೇಟರ್ ಬರೆದಿಟ್ಟಿದ್ದಾನೆ. ಲಾಗ್‌ನಲ್ಲಿ ಆ ಹೊತ್ತಿಗೆ ಏನೂ ಇಲ್ಲ. ಆಪರೇಟರ್ ಮೇಲೆ ಎಲ್ಲರಿಗೂ ಅನುಮಾನ.

ಉತ್ತರ: ಆಪರೇಟರ್ ಸರಿಯಾಗೇ ಬರೆದಿರಬೇಕು, ಅವನನ್ನು ಬಿಡಿ. '--ಟೈಮ್‌ಸ್ಟ್ಯಾಂಪ್ಸ್' ಹಾಕಿ ಲಾಗ್ ತೆಗೆಯಿರಿ, ಹೊತ್ತಿನ ಕೊನೆಗೆ 'ಝಡ್' ಅಕ್ಷರ ಇದೆಯಾ ನೋಡಿ. ಇದ್ದರೆ ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ರಾತ್ರಿ 2:10 ಅಂದರೆ ಅಲ್ಲಿ ಹಿಂದಿನ ದಿನದ 20:40. ತಾರೀಕೂ ಬದಲಾಗುತ್ತದೆ, ಜನ ಮರೆಯುವುದು ಅದನ್ನೇ.

ಲೆಕ್ಕ ಹಾಕುವ ಗೋಜೇ ಬೇಡ ಅಂದರೆ ನಮ್ಮ ಹೊತ್ತನ್ನೇ ಕೊಟ್ಟು ಕೇಳಬಹುದು:

ಕ್ಯೂಬ್‌ಸಿಟಿಎಲ್ ಲಾಗ್ಸ್ ಪಾಡ್‌ಹೆಸರು --ಟೈಮ್‌ಸ್ಟ್ಯಾಂಪ್ಸ್ --ಸಿನ್ಸ್-ಟೈಮ್=2025-01-15ಟಿ02:00:00+05:30

ತಾರೀಕು ಮತ್ತು ಹೊತ್ತಿನ ನಡುವೆ ದೊಡ್ಡ ಟಿ ಅಕ್ಷರ, ನಡುವೆ ಜಾಗ ಬಿಡಬಾರದು. ಈಗಷ್ಟೇ ಆದದ್ದಾದರೆ '--ಸಿನ್ಸ್=30ಎಂ' ಸಾಕು, ಹಿಂದಿನ ಅರ್ಧ ಗಂಟೆಯದ್ದು ಬರುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಪ್ಪುವುದಿಲ್ಲ. ಇಂಥ ಹೊತ್ತಿನಿಂದ ಅಂತ ಹೇಳಬಹುದು, ಇಂಥ ಹೊತ್ತಿನವರೆಗೆ ಅಂತ ಹೇಳುವ ಆಯ್ಕೆ ಈ ಕಮಾಂಡ್‌ನಲ್ಲಿ ಇಲ್ಲ. ಫೈಲಿಗೆ ಇಳಿಸಿಕೊಂಡು ಉಳಿದದ್ದನ್ನು ಕತ್ತರಿಸಿ.

ಪ್ರಶ್ನೆ: ನೋಡ್‌ಗೆ ಲಾಗಿನ್ ಆಗಿ 'ಡಾಕರ್ ಲಾಗ್ಸ್' ಕೊಡುವುದು ನನಗೆ ರೂಢಿ. ಕ್ಲಸ್ಟರ್ ಅಪ್‌ಗ್ರೇಡ್ ಆದ ಮೇಲೆ ಡಾಕರ್ ಕಮಾಂಡೇ ಇಲ್ಲ ಅನ್ನುತ್ತಿದೆ. (ವಿಜಯಪುರ)

ಉತ್ತರ: ಕುಬರ್ನೆಟಿಸ್ 1.24ರಿಂದ, ಅಂದರೆ 2022ರಿಂದ, ಕ್ಯೂಬ್‌ಲೆಟ್ ಒಳಗಿದ್ದು ಡಾಕರ್ ಜೊತೆ ಮಾತಾಡುತ್ತಿದ್ದ ಡಾಕರ್‌ಶಿಮ್ ಅನ್ನು ತೆಗೆದುಹಾಕಿದ್ದಾರೆ. ಈಗ ಬಹುತೇಕ ಕಡೆ ಕಂಟೇನರ್‌ಡಿ ಅಥವಾ ಕ್ರೈ-ಓ ಅನ್ನುವ ರನ್‌ಟೈಮ್ ಇರುತ್ತದೆ. ನೋಡ್ ಮೇಲೆ 'ಕ್ರೈಸಿಟಿಎಲ್ ಪಿಎಸ್ -ಎ' ಕೊಟ್ಟು ಐಡಿ ತಗೊಳ್ಳಿ, ಆಮೇಲೆ 'ಕ್ರೈಸಿಟಿಎಲ್ ಲಾಗ್ಸ್' ಮುಂದೆ ಆ ಐಡಿ. ಎಪಿಐ ಸರ್ವರ್ರೇ ಬಿದ್ದು ಕ್ಯೂಬ್‌ಸಿಟಿಎಲ್ ಉತ್ತರ ಕೊಡದ ಹೊತ್ತಿನಲ್ಲಿ ಇದು ನಿಜಕ್ಕೂ ಕೈಹಿಡಿಯುತ್ತದೆ, ಕಲಿತಿಟ್ಟುಕೊಳ್ಳಿ. ಫೈಲ್‌ಗಳನ್ನೇ ನೋಡಬೇಕಾದರೆ ವಾರ್ ಫೋಲ್ಡರ್‌ನ ಒಳಗೆ ಲಾಗ್, ಅದರ ಒಳಗೆ ಪಾಡ್ಸ್.

ಪ್ರಶ್ನೆ: ತಿಕೋಟಾ ಕಡೆಯ ಒಣದ್ರಾಕ್ಷಿ ಬೆಳೆಗಾರರಿಗೆ ಆ್ಯಪ್ ನಡೆಸುತ್ತೇವೆ. ಒಬ್ಬ ರೈತರು ಹೋದ ತಿಂಗಳು ಹಾಕಿದ ರೇಟು ಬೇರೆ, ಆ್ಯಪ್ ತೋರಿಸಿದ್ದು ಬೇರೆ ಅನ್ನುತ್ತಿದ್ದಾರೆ. ಅವರ ಮಾತು ನಿಜವೋ ಅಂತ ತಿಂಗಳ ಹಿಂದಿನ ಲಾಗ್ ತೆಗೆದು ನೋಡಬೇಕು. ಯಾವ ಕಮಾಂಡ್?

ಉತ್ತರ: ಅಕ್ಕ, ಆ ಕಮಾಂಡ್ ಇಲ್ಲ. ಬೇಸರದ ಉತ್ತರ ಅಂತ ಗೊತ್ತು, ಆದರೆ ನಿಮ್ಮನ್ನು ಹುಡುಕುತ್ತಾ ಕೂರಿಸುವುದು ಸರಿಯಲ್ಲ.

ಕ್ಯೂಬ್‌ಲೆಟ್ ಲಾಗ್ ಇಡುವ ರೀತಿ ಅಂಗಡಿಯಲ್ಲಿ ಐದೇ ಪುಸ್ತಕದ ಕಿರ್ದಿ ಇಟ್ಟ ಹಾಗೆ, ಒಂದು ತುಂಬಿದರೆ ಹೊಸದು ತೆರೆಯುತ್ತಾರೆ, ಐದು ಮೀರಿದರೆ ತೀರಾ ಹಳೆಯದನ್ನು ಎಸೆಯುತ್ತಾರೆ. ಬೇರೆ ಸೆಟ್ಟಿಂಗ್ ಮಾಡದಿದ್ದರೆ ಒಂದು ಫೈಲ್ 10 ಮೆಬಿಬೈಟ್, ಒಂದು ಕಂಟೇನರ್‌ಗೆ 5 ಫೈಲ್. ಕ್ಯೂಬ್‌ಸಿಟಿಎಲ್ ಲಾಗ್ಸ್ ಓದುವುದು ಈಗ ತೆರೆದಿರುವ ಒಂದನ್ನು ಮಾತ್ರ. ಜೋರಾಗಿ ಬರೆಯುವ ಆ್ಯಪ್ ಆದರೆ ನಿನ್ನೆಯದು ಕೂಡ ಆ ಫೈಲ್‌ನಲ್ಲಿ ಇರಲಿಕ್ಕಿಲ್ಲ. ನೀವು ತಿಂಗಳಲ್ಲಿ ಒಮ್ಮೆಯಾದರೂ ಹೊಸ ವರ್ಷನ್ ಹಾಕಿರುತ್ತೀರಿ, ಆಗಲೇ ಹಳೆಯ ಪಾಡ್‌ಗಳು ಲಾಗ್ ಸಮೇತ ಹೋಗಿರುತ್ತವೆ.

ಇಂದಿನಿಂದಾದರೂ ಉಳಿಯಬೇಕು ಅಂದರೆ ಪ್ರತಿ ನೋಡ್ ಮೇಲೂ ಒಂದು ಸಂಗ್ರಾಹಕ ಓಡಬೇಕು. ಫ್ಲುಯೆಂಟ್ ಬಿಟ್ ಅನ್ನುವ ಸಂಗ್ರಾಹಕವನ್ನು ಡೀಮನ್‌ಸೆಟ್ ಆಗಿ (ಪ್ರತಿ ನೋಡ್‌ಗೂ ಒಂದು ಪಾಡ್) ಹಾಕಿದರೆ ಅದು ಆ ಫೈಲ್‌ಗಳನ್ನು ಬರೆದಂತೆಲ್ಲ ಓದಿ ಬೇರೆ ಕಡೆ ಕಳಿಸುತ್ತದೆ. ಕಳಿಸುವ ಜಾಗಕ್ಕೆ ಲೋಕಿ ಇದೆ, ಇಲಾಸ್ಟಿಕ್‌ಸರ್ಚ್ ಇದೆ. ನಿಮ್ಮಂಥ ಸಣ್ಣ ತಂಡಕ್ಕೆ ನಾನು ಲೋಕಿ ಹೇಳುತ್ತೇನೆ, ಅದು ಪೂರ್ತಿ ಸಾಲನ್ನು ಇಂಡೆಕ್ಸ್ ಮಾಡದೇ ಲೇಬಲ್‌ಗಳನ್ನು ಮಾತ್ರ ಮಾಡುವುದರಿಂದ ಖರ್ಚು ಹಗುರ.

ಆದರೆ ಅಸಲಿ ಮಾತು ಬೇರೆ ಇದೆ. ರೇಟು, ತೂಕ, ಹಣ ಇವು ಲಾಗ್‌ನಲ್ಲಿ ಇರಬೇಕಾದ ವಿಷಯ ಅಲ್ಲ. ಯಾರು, ಯಾವಾಗ, ಯಾವ ರೇಟು ಹಾಕಿದರು, ಆಮೇಲೆ ಯಾರು ಬದಲಿಸಿದರು ಅನ್ನೋದು ಡೇಟಾಬೇಸ್‌ನಲ್ಲಿ ಅಳಿಸಲಾಗದ ಒಂದು ಟೇಬಲ್ ಆಗಿ ಇರಬೇಕು. ವರ್ಷವಿಡೀ ತೋಟ ಕಾದು ದ್ರಾಕ್ಷಿ ಒಣಗಿಸಿದವರು ನಮ್ಮನ್ನು ನಂಬಿ ಆ್ಯಪ್‌ನಲ್ಲಿ ರೇಟು ಹಾಕುತ್ತಾರೆ. ಅವರು ಕೇಳಿದಾಗ 'ಲಾಗ್ ಉರುಳಿಹೋಯಿತು' ಅನ್ನುವ ಉತ್ತರ ಕೊಡುವ ಸ್ಥಿತಿ ಬರಬಾರದು. ಈ ಸಲ ಬ್ಯಾಕಪ್‌ಗಳನ್ನು ನೋಡಿ. ಹೋದ ತಿಂಗಳ ಡೇಟಾಬೇಸ್ ಬ್ಯಾಕಪ್ ಇದ್ದರೆ ಅದನ್ನು ಬೇರೆ ಕಡೆ ತೆರೆದು ಆ ದಿನದ ರೇಟು ಏನಿತ್ತು ಅಂತ ನೋಡಬಹುದು. ಎಸ್‌ಎಂಎಸ್ ಕಳಿಸುವ ವ್ಯವಸ್ಥೆ ಇದ್ದರೆ ರೈತರ ಮೊಬೈಲ್‌ನಲ್ಲೇ ಆ ದಿನದ ಸಂದೇಶ ಇರಬಹುದು, ಅದನ್ನು ಕೇಳಿ.

ಪ್ರಶ್ನೆ: ಹುನಗುಂದದ ಮನೆಯಿಂದ ಕೆಲಸ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಲಾಗ್ ತೆಗೆದರೆ ದಿನದ ಡೇಟಾ ಮುಗಿದೇ ಹೋಗುತ್ತದೆ. ಗ್ರೆಪ್ ಹಾಕಿ ಬೇಕಾದ ಸಾಲು ಮಾತ್ರ ತೆಗೆಯುತ್ತೇನೆ, ಆದರೂ ಹೀಗೆ.

ಉತ್ತರ: ಗ್ರೆಪ್ ಓಡುವುದು ನಿಮ್ಮ ಲ್ಯಾಪ್‌ಟಾಪ್ ಮೇಲೆ. ಪೂರ್ತಿ ಲಾಗ್ ಇಲ್ಲಿಗೆ ಬಂದ ಮೇಲೆ ಅದು ಸೋಸುತ್ತದೆ, ಅಷ್ಟರಲ್ಲಿ ಡೇಟಾ ಖರ್ಚಾಗಿರುತ್ತದೆ. ಆ ಕಡೆಯಿಂದಲೇ ಕಮ್ಮಿ ಬರಬೇಕು ಅಂದರೆ '--ಸಿನ್ಸ್=10ಎಂ' ಅಥವಾ '--ಟೇಲ್=300' ಕೊಡಿ. '--ಲಿಮಿಟ್-ಬೈಟ್ಸ್=500000' ಕೊಟ್ಟರೆ ಅಷ್ಟು ಬೈಟ್ ಆದ ಕೂಡಲೇ ನಿಲ್ಲುತ್ತದೆ. ಕ್ಲೌಡ್‌ನಲ್ಲಿ ನಿಮಗೆ ಕ್ಲಸ್ಟರ್ ತಲುಪಲು ಬಳಸುವ ಒಂದು ಜಂಪ್ ಸರ್ವರ್ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿಗೆ ಎಸ್‌ಎಸ್‌ಎಚ್‌ನಿಂದ ಲಾಗಿನ್ ಆಗಿ ಅಲ್ಲೇ ಗ್ರೆಪ್ ಓಡಿಸಿ, ಸೋಸಿದ ಸಾಲು ಮಾತ್ರ ಹುನಗುಂದಕ್ಕೆ ಬರುತ್ತದೆ.

ಪ್ರಶ್ನೆ: ಗೋಕಾಕದಿಂದ. ಹೊಸದಾಗಿ ಸೇರಿದ ಹುಡುಗನಿಗೆ ಪಾಡ್‌ಗಳ ಪಟ್ಟಿ ಕಾಣುತ್ತದೆ, ಲಾಗ್ ಕೇಳಿದರೆ 'ಫರ್ಬಿಡನ್' ಅನ್ನುತ್ತದೆ. ಅಡ್ಮಿನ್ ಅಧಿಕಾರ ಕೊಟ್ಟುಬಿಡಲೇ?

ಉತ್ತರ: ಬೇಡ. ಪಾಡ್ ನೋಡುವುದು ಒಂದು ಅನುಮತಿ, ಲಾಗ್ ನೋಡುವುದು ಬೇರೆಯದೇ ಅನುಮತಿ, ಅದರ ಹೆಸರು 'ಪಾಡ್ಸ್/ಲಾಗ್'. ಅವನು ಕೆಲಸ ಮಾಡುವ ನೇಮ್‌ಸ್ಪೇಸ್‌ನಲ್ಲಿ (ಕ್ಲಸ್ಟರ್‌ನ ಒಂದು ವಿಭಾಗ) ಒಂದು ರೋಲ್, ಅಂದರೆ ಅನುಮತಿಗಳ ಪಟ್ಟಿ, ಮಾಡಿ, ರಿಸೋರ್ಸ್‌ಗಳಲ್ಲಿ 'ಪಾಡ್ಸ್' ಮತ್ತು 'ಪಾಡ್ಸ್/ಲಾಗ್', ಕ್ರಿಯೆಗಳಲ್ಲಿ 'ಗೆಟ್' ಮತ್ತು 'ಲಿಸ್ಟ್' ಹಾಕಿ, ರೋಲ್‌ಬೈಂಡಿಂಗ್‌ನಿಂದ ಅವನಿಗೆ ಕಟ್ಟಿ. ಕೊಟ್ಟದ್ದು ಸರಿಯಾಯಿತಾ ಅಂತ ಅವನ ಕಂಪ್ಯೂಟರ್‌ನಲ್ಲೇ ಪರೀಕ್ಷಿಸಬಹುದು:

ಕ್ಯೂಬ್‌ಸಿಟಿಎಲ್ ಆತ್ ಕ್ಯಾನ್-ಐ ಗೆಟ್ ಪಾಡ್ಸ್ --ಸಬ್‌ರಿಸೋರ್ಸ್=ಲಾಗ್ -ಎನ್ ನೇಮ್‌ಸ್ಪೇಸ್

'ಯೆಸ್' ಬಂದರೆ ಆಯಿತು. ಡಿಲೀಟ್ ಅನುಮತಿ ಸದ್ಯಕ್ಕೆ ಕೊಡಬೇಡಿ. ಮೊದಲ ಪತ್ರದ ಜಮಖಂಡಿಯವರೂ ರಾತ್ರಿ ಪಾಳಿಗೆ ಇದೇ ರೋಲ್ ಮಾಡಿಕೊಡಬಹುದು. ಲೇಬಲ್ ಕೀಳಲು ಬೇಕಾಗುವ 'ಪ್ಯಾಚ್' ಅನ್ನೂ, ಡಿಸ್ಕ್ರೈಬ್‌ನಲ್ಲಿ ಈವೆಂಟ್‌ಗಳು ಕಾಣಲು 'ಈವೆಂಟ್ಸ್' ರಿಸೋರ್ಸ್‌ಗೆ 'ಲಿಸ್ಟ್' ಅನ್ನೂ ಅದಕ್ಕೆ ಸೇರಿಸಿದರೆ ಸಾಕು.